ಬ್ಯಾಂಡ್ ಮುಗಿದ ಮೇಲೆ ಐವತ್ತು ವರ್ಷ: ಜಪಾನಿನ ರಾಕ್ ಗಾಯಕ ಎಯ್ಕಿಚಿ ಯಜಾವ

1975ರ ಏಪ್ರಿಲ್ 13. ಟೋಕಿಯೊದ ಹಿಬಿಯಾ ಪಾರ್ಕಿನ ಬಯಲು ರಂಗಮಂದಿರ. ಮಳೆ ಬೀಳುತ್ತಿದೆ. ತಲೆ ಮೇಲೆ ಸೂರಿಲ್ಲದ ಜಾಗ, ಜನ ನೆನೆಯುತ್ತಲೇ ನಿಂತಿದ್ದಾರೆ. ವೇದಿಕೆ ಮೇಲೆ ಲೆದರ್ ತೊಟ್ಟು, ಎಣ್ಣೆ ಹಚ್ಚಿ ಕೂದಲನ್ನು ಹಿಂದಕ್ಕೆ ಬಾಚಿಕೊಂಡ ನಾಲ್ವರು ಹುಡುಗರು. ಬ್ಯಾಂಡಿನ ಹೆಸರು ಕ್ಯಾರಲ್. ಅದು ಅವರ ಕೊನೆಯ ಶೋ. ಮುಗಿಯುವ ಹೊತ್ತಿಗೆ ಹಚ್ಚಿದ ಪಟಾಕಿಯ ಕಿಡಿ ಸೆಟ್ಟಿಗೆ ತಗುಲಿತು. ಅಂಥ ಮಳೆಯಲ್ಲೂ ಸೆಟ್ ಹತ್ತಿ ಉರಿಯಿತು. ಬ್ಯಾಂಡಿನ ಹೆಸರು ಬರೆದಿದ್ದ ಫಲಕ ಜನರ ಕಣ್ಣೆದುರೇ ಬೆಂಕಿಯಲ್ಲಿ ಕುಸಿದು ಬಿತ್ತು. ಯಾರೂ ಬೇಕೆಂದು ಮಾಡಿದ್ದಲ್ಲ, ಅವಘಡ. ಆದರೆ ಜಪಾನಿನ ರಾಕ್ ಸಂಗೀತದ ಬಗ್ಗೆ ಮಾತು ಬಂದಾಗಲೆಲ್ಲ ಆ ಬೆಂಕಿಯ ಸುದ್ದಿ ಬಂದೇ ಬರುತ್ತದೆ.

ಆ ನಾಲ್ವರಲ್ಲಿ ಬೇಸ್ ಗಿಟಾರ್ ಹಿಡಿದು ಹಾಡುತ್ತಿದ್ದವರು ಎಯ್ಕಿಚಿ ಯಜಾವ. ಆಗ ಅವರಿಗೆ 25 ವರ್ಷ. ಐದೇ ತಿಂಗಳಲ್ಲಿ ಅವರ ಮೊದಲ ಒಂಟಿ ಆಲ್ಬಂ ಬಂತು. 2022ರ ಆಗಸ್ಟ್‌ನಲ್ಲಿ, 72ನೇ ವಯಸ್ಸಿನಲ್ಲಿ, ಟೋಕಿಯೊದ ಹೊಸ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಎರಡು ದಿನ ಹಾಡಿದರು. ಒಲಿಂಪಿಕ್ಸ್ ನಡೆದ ಅದೇ ಕ್ರೀಡಾಂಗಣ.

ಬ್ಯಾಂಡ್ ಬಿಟ್ಟು ಒಬ್ಬರೇ ಹಾಡಲು ಹೊರಟವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಬಹಳ ಮಂದಿ ಎರಡು ಆಲ್ಬಂ ಮಾಡಿ ಮರೆಯಾಗುತ್ತಾರೆ. ಇವರು ಹೇಗೆ ಉಳಿದರು? ಒಳ್ಳೆ ದನಿ ಇತ್ತು, ಅದು ನಿಜ. ಆದರೆ ಬರೀ ದನಿಯಿಂದ ಐವತ್ತು ವರ್ಷ ನಡೆಯುವುದಿಲ್ಲ. ಒಂದು ಹಾಡು ಯಾರಿಗೆ ಸೇರಿದ್ದು, ಟಿಕೆಟ್ಟಿನ ದುಡ್ಡು ಎಲ್ಲಿಗೆ ಹೋಗುತ್ತದೆ, ಬಾಗಿಲ ಹತ್ತಿರ ಮಾರುವ ಟವೆಲ್ಲಿನ ಲಾಭ ಯಾರ ಜೇಬಿಗೆ, ಇದನ್ನೆಲ್ಲ ಕೂತು ಕಲಿತ ಗಾಯಕ ಅವರು. ನನಗೆ ಅವರ ಹಾಡಿನಷ್ಟೇ ಇಷ್ಟವಾಗಿದ್ದು ಈ ಕಲಿಕೆ. ಅದನ್ನು ಬಿಡಿಸಿ ಹೇಳಬೇಕು ಅಂತಲೇ ಈ ಬರಹ.

ಶುರುವಿನಿಂದ ನೋಡೋಣ.

ಯಜಾವ ಹುಟ್ಟಿದ್ದು 1949ರ ಸೆಪ್ಟೆಂಬರ್ 14ರಂದು, ಹಿರೋಶಿಮಾದಲ್ಲಿ. ಅಣುಬಾಂಬ್ ಬಿದ್ದು ನಾಲ್ಕು ವರ್ಷವಾಗಿತ್ತಷ್ಟೇ. ಮಗುವಿಗೆ ಮೂರು ವರ್ಷವಾದಾಗ ತಾಯಿ ಮನೆ ಬಿಟ್ಟು ಹೋದರು. ಬಾಂಬಿನ ವಿಕಿರಣದ ಕಾಯಿಲೆಯಿಂದ ನರಳುತ್ತಿದ್ದ ತಂದೆ, ಹುಡುಗ ಎರಡನೇ ಕ್ಲಾಸಿನಲ್ಲಿದ್ದಾಗ ತೀರಿಕೊಂಡರು. ಸಾಕಿದ್ದು ಅಜ್ಜಿ. ಮನೆಯಲ್ಲಿ ಕಡು ಬಡತನ. ಮಿಡ್ಲ್ ಸ್ಕೂಲಿನಲ್ಲಿದ್ದಾಗ ರೇಡಿಯೊದಲ್ಲಿ ಬೀಟಲ್ಸ್ ಕೇಳಿದ. ಆಮೇಲೆ ಬೇರೆ ದಾರಿಯೇ ಕಾಣಲಿಲ್ಲ.

1968ರಲ್ಲಿ ಹೈಸ್ಕೂಲ್ ಮುಗಿಯಿತು. ಗಿಟಾರ್, ಆಂಪ್ಲಿಫೈಯರ್ ಹೊತ್ತುಕೊಂಡು ರಾತ್ರಿ ರೈಲು ಹತ್ತಿದ. ಹೊರಟಿದ್ದು ಟೋಕಿಯೊಗೆ, ಇಳಿದಿದ್ದು ಅದಕ್ಕೂ ಮುಂಚೆ ಸಿಗುವ ಯೊಕೊಹಾಮಾದಲ್ಲಿ. ಅದು ಬಂದರು ಊರು. ಅಮೆರಿಕದ ಸೈನಿಕರು, ನಾವಿಕರು ಓಡಾಡುವ ಜಾಗ. ಕ್ಲಬ್ಬುಗಳಲ್ಲಿ ಬ್ಯಾಂಡುಗಳಿಗೆ ಕೆಲಸ ಸಿಗುತ್ತಿತ್ತು. ನಾಲ್ಕು ವರ್ಷ ಆ ಕ್ಲಬ್ಬು ಈ ಕ್ಲಬ್ಬು ಅಂತ ಕಳೆಯಿತು.

1972ರಲ್ಲಿ ಪಕ್ಕದ ಕವಾಸಾಕಿಯ ಒಂದು ವಾದ್ಯದ ಅಂಗಡಿಯಲ್ಲಿ ಯಜಾವ ಒಂದು ಚೀಟಿ ಅಂಟಿಸಿದರು. ಬೀಟಲ್ಸ್, ರಾಕ್ ಆಂಡ್ ರೋಲ್ ಇಷ್ಟಪಡುವವರು ಬೇಕು ಎಂದು. ಅದನ್ನು ನೋಡಿ ಬಂದವರಲ್ಲಿ ಜಾನಿ ಓಕುರ ಒಬ್ಬರು. ಹೀಗೆ ಕ್ಯಾರಲ್ ಹುಟ್ಟಿತು. ಅದೇ ವರ್ಷ ಟೀವಿಯ ಒಂದು ಕಾರ್ಯಕ್ರಮದಲ್ಲಿ ಹಾಡಿದರು. ನೋಡುತ್ತಿದ್ದ ಹಿರಿಯ ಗಾಯಕ ಮಿಕಿ ಕರ್ಟಿಸ್ ಈ ಹುಡುಗರನ್ನು ಹಿಡಿದು ರೆಕಾರ್ಡ್ ಕಂಪನಿಗೆ ಕರೆದುಕೊಂಡು ಹೋದರು. ಮೊದಲ ಹಾಡು ಹೊರಬಂದಿದ್ದು ಡಿಸೆಂಬರ್‌ನಲ್ಲಿ. ಮುಂದಿನ ವರ್ಷ ಬಂದ ‘ಫಂಕಿ ಮಂಕಿ ಬೇಬಿ’ ಇವತ್ತಿಗೂ ಜಪಾನಿನಲ್ಲಿ ಎಲ್ಲರಿಗೂ ಗೊತ್ತಿರುವ ಹಾಡು. ಸಾಹಿತ್ಯ ಓಕುರ ಅವರದು, ಟ್ಯೂನ್ ಯಜಾವ ಅವರದು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕ್ಯಾರಲ್ ಅಷ್ಟು ಸದ್ದು ಮಾಡಿದ್ದು ಯಾಕೆ ಅಂತ ತಿಳಿಯಬೇಕಾದರೆ ಆ ಭಾಷೆಯ ಕಷ್ಟ ಗೊತ್ತಿರಬೇಕು.

ಕನ್ನಡದವರಿಗೆ ಇದು ಬೇಗ ಅರ್ಥವಾಗುತ್ತದೆ. ನಾವು ಬಸ್ ಅನ್ನುವುದನ್ನು ಬಸ್ಸು ಮಾಡುತ್ತೇವೆ, ಕಾರ್ ಅನ್ನುವುದನ್ನು ಕಾರು ಮಾಡುತ್ತೇವೆ. ಪದದ ಕೊನೆಗೆ ಒಂದು ಸ್ವರ ಇದ್ದರೇ ನಮ್ಮ ನಾಲಿಗೆಗೆ ಸಮಾಧಾನ. ಜಪಾನೀ ಭಾಷೆಯೂ ಹಾಗೇ. ಅಲ್ಲಿ ಬಸ್ ಎಂದರೆ ‘ಬಸು’, ರಾಕ್ ಎಂದರೆ ‘ರೊಕ್ಕು’. ಅವರ ಅಕ್ಷರಗಳೂ ನಮ್ಮ ಕಾಗುಣಿತದಂತೆ ಕ, ಕಿ, ಕು, ಕೆ, ಕೊ ಎಂದು ಸಾಗುತ್ತವೆ. ‘ನ್’ ಅನ್ನುವ ಒಂದನ್ನು ಬಿಟ್ಟರೆ ವ್ಯಂಜನದ ಹಿಂದೆ ಸ್ವರ ಬಂದೇ ಬರುತ್ತದೆ. ಹಾಡುವಾಗ ಸಾಮಾನ್ಯವಾಗಿ ಒಂದು ಅಕ್ಷರಕ್ಕೆ ಒಂದು ಸ್ವರಸ್ಥಾನ. ಇಂಗ್ಲಿಷಿನಲ್ಲಿ ಲವ್ ಎಂದು ಒಂದೇ ಏಟಿಗೆ ಮುಗಿಯುವ ಮಾತು ಇಲ್ಲಿ ಎರಡು ಮೂರು ಏಟು ಕೇಳುತ್ತದೆ. ರಾಕ್ ಸಂಗೀತದ ತಾಳ ಗುದ್ದು ಕೊಟ್ಟಂತೆ ಇರಬೇಕು. ಪದಗಳು ಎಳೆದುಕೊಂಡು ಬಂದರೆ ಗುದ್ದು ಬೀಳುವುದಿಲ್ಲ.

ಇದು ಆಗ ಸಣ್ಣ ವಿಷಯವಾಗಿರಲಿಲ್ಲ. 1970ರ ಸುಮಾರಿಗೆ ಜಪಾನಿನ ಸಂಗೀತ ಪತ್ರಿಕೆಗಳಲ್ಲಿ ದೊಡ್ಡ ಜಗಳವೇ ನಡೆಯಿತು. ರಾಕ್ ಹಾಡನ್ನು ಇಂಗ್ಲಿಷಿನಲ್ಲೇ ಹಾಡಬೇಕು, ಆಗಲೇ ಹೊರದೇಶಕ್ಕೆ ಹೋಗಬಹುದು ಎಂದು ರಾಕ್ ಗಾಯಕ ಯೂಯ ಉಚಿದ ಅವರ ಕಡೆಯವರು. ನಮ್ಮ ಭಾಷೆಯಲ್ಲೇ ಮಾಡಿ ತೋರಿಸುತ್ತೇವೆ ಎಂದು ಹ್ಯಾಪಿ ಎಂಡ್ ಬ್ಯಾಂಡಿನವರು. ಕ್ಯಾರಲ್ ಈ ವಾದಕ್ಕೆ ಕೈ ಹಾಕಲಿಲ್ಲ. ಜಪಾನೀ ಸಾಲಿನ ನಡುವೆ ಇಂಗ್ಲಿಷ್ ಪದ ಸೇರಿಸಿದರು. ಜಪಾನೀ ಪದಗಳನ್ನೂ ನಾಲಿಗೆ ಮಡಿಸಿ, ಇಂಗ್ಲಿಷಿನ ಹಾಗೆ ಕೇಳಿಸುವಂತೆ ಹಾಡಿದರು. ಕೊನೆಯ ಸ್ವರವನ್ನು ಅರ್ಧಕ್ಕೆ ನುಂಗಿದರು. ಮುಂದೆ ಬಂದ ಎಷ್ಟೋ ಗಾಯಕರು ಹಾಡಿದ್ದು ಈ ಉಚ್ಚಾರಣೆಯಲ್ಲೇ. ಪಂಡಿತರು ಬರೆದು ತೀರದ ಪ್ರಶ್ನೆಯನ್ನು ಕ್ಲಬ್ಬಿನಲ್ಲಿ ಹಾಡಿ ಹಾಡಿ ಬಗೆಹರಿಸಿದರು ಅನ್ನಿಸುತ್ತದೆ ನನಗೆ.

ಹೀಗೆ ಹೆಸರು ಮಾಡಿದ ಬ್ಯಾಂಡ್ ಎರಡೂವರೆ ವರ್ಷಕ್ಕೇ ಮುಗಿಯಿತು.

ಬ್ಯಾಂಡ್ ಮುರಿದಾಗ ಗಾಯಕ ಏನೇನು ಕಳೆದುಕೊಳ್ಳುತ್ತಾನೆ ನೋಡಿ. ಹೆಸರು ಹೋಗುತ್ತದೆ. ಜೊತೆಗೆ ಕೂತು ಸಾಲು ಕಟ್ಟುತ್ತಿದ್ದ ಗೆಳೆಯ ಹೋಗುತ್ತಾನೆ. ಅಭಿಮಾನಿಗಳು ಉಳಿಯುತ್ತಾರೆ, ಆದರೆ ಅವರಿಗೆ ಬೇಕಾದ್ದು ಹಳೆಯದೇ. ಕ್ಯಾರಲ್ ಅಭಿಮಾನಿಗಳು ಅಂದರೆ ಲೆದರ್ ಜಾಕೆಟ್ಟು, ಮೋಟರ್ ಸೈಕಲ್ಲು. ಕೊನೆಯ ಶೋಗೆ ಕಾವಲು ನಿಂತಿದ್ದೇ ಕೂಲ್ಸ್ ಎಂಬ ಬೈಕ್ ಹುಡುಗರ ತಂಡ.

ಯಜಾವ ಮಾಡಿದ್ದು ಇದಕ್ಕೆ ಪೂರ್ತಿ ಉಲ್ಟಾ. ನೇರ ಲಾಸ್ ಏಂಜಲೀಸ್‌ಗೆ ಹೋದರು. ಎ ಆಂಡ್ ಎಂ ಸ್ಟುಡಿಯೊದಲ್ಲಿ ಅಮೆರಿಕದ ವಾದ್ಯಗಾರರನ್ನು ಇಟ್ಟುಕೊಂಡು ರೆಕಾರ್ಡ್ ಮಾಡಿದರು. 1975ರ ಸೆಪ್ಟೆಂಬರ್‌ನಲ್ಲಿ ‘ಐ ಲವ್ ಯೂ, ಓಕೆ’ ಬಂತು. ಶೀರ್ಷಿಕೆಯ ಹಾಡು ತಂತಿ ವಾದ್ಯಗಳಿರುವ ನಿಧಾನದ ಪ್ರೇಮಗೀತೆ. ಹಿರೋಶಿಮಾದ ಹದಿಹರೆಯದಲ್ಲೇ ಮಾಡಿಟ್ಟಿದ್ದ ಟ್ಯೂನ್ ಅದು. ಲೆದರ್ ಜಾಕೆಟ್ ಹುಡುಗರಿಗೆ ಸಿಟ್ಟು ಬಂತು. ನಮ್ಮ ರಾಕ್ ಎಲ್ಲಿ ಎಂದು ಕೇಳಿದರು. ಊರೂರು ಸುತ್ತಿದ ಮೊದಲ ಪ್ರವಾಸದಲ್ಲಿ ಖಾಲಿ ಕುರ್ಚಿಗಳ ಎದುರು ಹಾಡಬೇಕಾಯಿತು.

ಅಲ್ಲಿಗೇ ಹಿಂದೆ ಸರಿದು ಕ್ಯಾರಲ್ ಹಾಡುಗಳನ್ನೇ ಹಾಡಿಕೊಂಡಿದ್ದರೆ ಹಾಲ್ ತುಂಬುತ್ತಿತ್ತೋ ಏನೋ. ಅವರು ಹಾಗೆ ಮಾಡಲಿಲ್ಲ. ಅದೇ ಊರುಗಳಿಗೆ ಮತ್ತೆ ಮತ್ತೆ ಹೋದರು. 1976ರ ಜುಲೈನಲ್ಲಿ ಬೆಂಕಿ ಬಿದ್ದಿದ್ದ ಅದೇ ಹಿಬಿಯಾದಲ್ಲಿ ಒಬ್ಬರೇ ನಿಂತು ಹಾಡಿದರು. 1977ರ ಆಗಸ್ಟ್ 26ರಂದು ಬುಡೊಕಾನ್.

ಬುಡೊಕಾನ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಟೋಕಿಯೊ ನಡುವಿನ ಎಂಟು ಮೂಲೆಯ ದೊಡ್ಡ ಕಟ್ಟಡ. 1964ರ ಒಲಿಂಪಿಕ್ಸ್‌ನ ಜೂಡೊ ಪಂದ್ಯಗಳಿಗಾಗಿ ಕಟ್ಟಿದ್ದು. ಹತ್ತು ಸಾವಿರಕ್ಕೂ ಜಾಸ್ತಿ ಜನ ಹಿಡಿಸುತ್ತಾರೆ. 1966ರಲ್ಲಿ ಬೀಟಲ್ಸ್ ಅಲ್ಲಿ ಹಾಡಿದಾಗ ಸಮರ ಕಲೆಗಳ ಗುಡಿಯಂಥ ಜಾಗದಲ್ಲಿ ಇದೇನು ಗದ್ದಲ ಎಂದು ಬಹಳ ಜನ ಕೂಗಾಡಿದ್ದರು. ಆಮೇಲೆ ಹೊರದೇಶದ ತಾರೆಗಳೆಲ್ಲ ಅಲ್ಲೇ ಹಾಡತೊಡಗಿದರು. ಜಪಾನಿನ ರಾಕ್ ಗಾಯಕರೊಬ್ಬರು ಬ್ಯಾಂಡಿನ ಹೆಸರಿಲ್ಲದೆ, ತಮ್ಮೊಬ್ಬರ ಹೆಸರಿನ ಮೇಲೆ ಅಲ್ಲಿ ಕಾನ್ಸರ್ಟ್ ಕೊಟ್ಟಿದ್ದು ಯಜಾವ ಅವರಿಂದಲೇ ಶುರು. ಬೀಟಲ್ಸ್ ಕೇಳಿ ರೈಲು ಹತ್ತಿದ ಹುಡುಗ, ಬೀಟಲ್ಸ್ ನಿಂತ ವೇದಿಕೆಯಲ್ಲಿ.

ಇನ್ನು ಮುಂದಿನದು ನನಗೆ ಎಲ್ಲಕ್ಕಿಂತ ಸ್ವಾರಸ್ಯ ಅನ್ನಿಸುವ ಭಾಗ.

1978ರ ಮಾರ್ಚ್‌ನಲ್ಲಿ ಒಂದು ಹಾಡು ಬಂತು. ‘ತೊಕಿ ಯೊ ತೊಮರೆ’. ಕಾಲವೇ, ನಿಂತುಬಿಡು ಎಂದು ಅದರರ್ಥ. ರೆಕಾರ್ಡ್ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಕೇಳಿದರೆ ಬೇಸಿಗೆಯ ಕಡಲ ದಂಡೆಯಲ್ಲಿ ಸುಮ್ನೆ ಮಲಗಿದಂತೆ ಇರುತ್ತದೆ. ಕಿರುಚಾಟ ಇಲ್ಲ, ಅವಸರ ಇಲ್ಲ. ಈ ಒಂದೇ ಹಾಡನ್ನು ಬಿಚ್ಚಿ ನೋಡಿದರೆ ಇಡೀ ಸಂಗೀತ ವ್ಯಾಪಾರ ಅರ್ಥವಾಗುತ್ತದೆ.

ಟ್ಯೂನ್ ಯಜಾವ ಅವರದು. ಸಾಹಿತ್ಯ ಕೆಯ್ಸುಕೆ ಯಮಕಾವ ಎಂಬ ಕವಿಯದು. ಕೀಬೋರ್ಡ್ ನುಡಿಸಿದವರು ರ್ಯೂಯಿಚಿ ಸಕಾಮೊತೊ, ಡ್ರಮ್ಸ್ ಬಾರಿಸಿದವರು ಯುಕಿಹಿರೊ ತಕಾಹಾಶಿ. ಅದೇ ವರ್ಷ ಆ ಇಬ್ಬರೂ ಹರುಓಮಿ ಹೊಸೊನೊ ಜೊತೆ ಸೇರಿ ಯೆಲ್ಲೊ ಮ್ಯಾಜಿಕ್ ಆರ್ಕೆಸ್ಟ್ರಾ ಎಂಬ ಬ್ಯಾಂಡ್ ಶುರು ಮಾಡಿದರು. ಸಕಾಮೊತೊ ಅವರಿಗೆ ಹತ್ತು ವರ್ಷದ ಮೇಲೆ ಆಸ್ಕರ್ ಬಂತು. ರೆಕಾರ್ಡ್ ಕಂಪನಿ ಸಿಬಿಎಸ್ ಸೋನಿ. ಹಾಡು ಮನೆಮನೆಗೂ ತಲುಪಿದ್ದು ಶಿಸೇಡೊ ಎಂಬ ಸೌಂದರ್ಯವರ್ಧಕ ಕಂಪನಿಯ ಬೇಸಿಗೆ ಜಾಹೀರಾತಿನ ಮೂಲಕ.

ಜಾಹೀರಾತಿನ ಮಾತು ಮೊದಲು ಮುಗಿಸೋಣ. ಜಪಾನಿನಲ್ಲಿ ಇದನ್ನು ‘ತಾಯಪ್ಪು’ ಅನ್ನುತ್ತಾರೆ, ಅಂದರೆ ಟೈ ಅಪ್. ನಮ್ಮಲ್ಲಿ ಹಾಡನ್ನು ಹೊತ್ತು ಮೆರೆಸುವುದು ಸಿನಿಮಾ. ಸಿನಿಮಾ ಓಡಿದರೆ ಹಾಡು ಓಡುತ್ತದೆ, ಕೆಲವು ಸಲ ಹಾಡೇ ಸಿನಿಮಾ ಓಡಿಸುತ್ತದೆ. ಜಪಾನಿನ ಪಾಪ್, ರಾಕ್ ಹಾಡುಗಳಿಗೆ ಆ ಕೆಲಸ ಮಾಡಿದ್ದು ಬಹಳ ಸಲ ಟೀವಿ ಜಾಹೀರಾತು, ಆಮೇಲೆ ಟೀವಿ ಧಾರಾವಾಹಿ. ದಿನಕ್ಕೆ ಹತ್ತಾರು ಬಾರಿ ಹದಿನೈದು ಮೂವತ್ತು ಸೆಕೆಂಡು ಕೇಳಿಸಿಕೊಂಡವರು ಅಂಗಡಿಗೆ ಹೋಗಿ ರೆಕಾರ್ಡ್ ಕೊಳ್ಳುತ್ತಾರೆ. ಯಜಾವ ಟೀವಿಯ ಹಾಡಿನ ಕಾರ್ಯಕ್ರಮಗಳಿಂದ ಹೆಚ್ಚಾಗಿ ದೂರವೇ ಇದ್ದವರು. ಹಾಡು ಟೀವಿಯಲ್ಲಿ ಬರುತ್ತಿತ್ತು, ಹಾಡುವವರನ್ನು ನೋಡಬೇಕಾದರೆ ಟಿಕೆಟ್ ಕೊಳ್ಳಬೇಕಿತ್ತು. ಇದೊಂದು ಜಾಣ ಲೆಕ್ಕ, ಅಲ್ವಾ?

ಈಗ ದುಡ್ಡಿನ ವಿಷಯ. ಒಂದು ಹಾಡಿನೊಳಗೆ ಒಂದಲ್ಲ, ಹಲವು ಹಕ್ಕುಗಳಿರುತ್ತವೆ. ಟ್ಯೂನ್ ಮತ್ತು ಸಾಹಿತ್ಯದ ಹಕ್ಕು ಮೊದಲನೆಯದು. ಇದು ಕಟ್ಟಿದವರಿಗೆ ಹುಟ್ಟುವ ಹಕ್ಕು. ಜಪಾನಿನಲ್ಲಿ ಇದರ ಹಣವನ್ನು ವಸೂಲಿ ಮಾಡಿ ಹಂಚುವುದು ಹೆಚ್ಚಾಗಿ ಜಸ್ರಾಕ್ ಎಂಬ ಸಂಸ್ಥೆ. 1939ರಿಂದ ಇದೆ. ನಮ್ಮ ದೇಶದಲ್ಲಿ ಐಪಿಆರ್‌ಎಸ್ ಮಾಡುವ ಕೆಲಸ ಅದು. ರೇಡಿಯೊದಲ್ಲಿ ಬಂದರೂ, ಕರೋಕೆಯಲ್ಲಿ ಯಾರೋ ಹಾಡಿದರೂ ಕಟ್ಟಿದವರ ಹೆಸರಿಗೆ ಒಂದಿಷ್ಟು ಸೇರುತ್ತದೆ. ಇನ್ನೊಂದು, ಆ ರೆಕಾರ್ಡಿಂಗ್ ಮೇಲಿನ ಹಕ್ಕು. ಅಲ್ಲಿ ಇದಕ್ಕೆ ಗೆಂಬಾನ್ ಹಕ್ಕು ಎನ್ನುತ್ತಾರೆ. ಮೂಲ ತಟ್ಟೆ ಎಂದರ್ಥ. ಸ್ಟುಡಿಯೊ ಬಾಡಿಗೆ, ವಾದ್ಯಗಾರರ ಸಂಬಳ ಯಾರು ಕೊಟ್ಟರೋ ಸಾಮಾನ್ಯವಾಗಿ ಅವರದ್ದೇ ಈ ಹಕ್ಕು. ಇದರ ಮೇಲೆ ಗಾಯಕನ ಮುಖ, ಹೆಸರು ಬಳಸುವ ಹಕ್ಕು ಬೇರೆ. ಪೋಸ್ಟರಿನಲ್ಲಿ, ಟೀ ಶರ್ಟಿನಲ್ಲಿ ಬರುವುದು ಅದು.

ಹೊಸ ಹುಡುಗರಿಗೆ ಇದೆಲ್ಲ ಗೊತ್ತಿರುವುದಿಲ್ಲ. ರೆಕಾರ್ಡ್ ಬರುತ್ತದೆ ಅನ್ನುವ ಖುಷಿಯಲ್ಲಿ ತೋರಿಸಿದ ಕಡೆ ಸಹಿ ಹಾಕುತ್ತಾರೆ. ಜಪಾನಿನ ಪದ್ಧತಿಯಲ್ಲಿ ‘ಜಿಮುಶೊ’ ಎಂಬ ಮ್ಯಾನೇಜ್‌ಮೆಂಟ್ ಕಚೇರಿ ಇರುತ್ತದೆ. ಗಾಯಕರು ಬಹಳ ಸಲ ಅದರ ನೌಕರರ ಹಾಗೆ. ತಿಂಗಳ ಸಂಬಳ ಬರುತ್ತದೆ. ಯಾವ ಬಟ್ಟೆ, ಯಾವ ಟೀವಿ, ಯಾವ ಊರು ಎಲ್ಲ ಕಚೇರಿಯವರೇ ತೀರ್ಮಾನಿಸುತ್ತಾರೆ. ಹಾಡು ಲಕ್ಷಗಟ್ಟಲೆ ಮಾರಾಟವಾದರೂ ಹಾಡಿದವರ ಕೈಗೆ ಬರುವುದು ಆ ಸಂಬಳವೇ. ನಮ್ಮಲ್ಲೂ ಕತೆ ಬೇರೆ ಇರಲಿಲ್ಲ. 2012ರಲ್ಲಿ ಭಾರತದ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಆಗುವವರೆಗೂ ಸಿನಿಮಾ ಹಾಡು ಬರೆದವರು, ಸಂಗೀತ ಕೊಟ್ಟವರು ಒಂದೇ ಸಲ ಹಣ ತೆಗೆದುಕೊಂಡು ಎಲ್ಲವನ್ನೂ ಬರೆದುಕೊಡುವುದು ಮಾಮೂಲಾಗಿತ್ತು. ಹಾಗಾಗಿ ಈ ಸಂಕಟ ನಮಗೆ ದೂರದ್ದೇನಲ್ಲ.

ಯಜಾವ ಈ ಲೆಕ್ಕವನ್ನು ಕಲಿತರು. ಒಂದೊಂದೇ ಹಕ್ಕನ್ನು ತಮ್ಮ ಕಂಪನಿಯ ಕೈಗೆ ತಂದುಕೊಂಡರು. ಕಾನ್ಸರ್ಟ್ ಏರ್ಪಾಡೂ ಸ್ವಂತ ಕಂಪನಿಯದು, ಸರಕಿನ ಮಾರಾಟವೂ ಸ್ವಂತದ್ದು. ಜಪಾನಿನ ಗಾಯಕರಲ್ಲಿ ಮುಖದ ಹಕ್ಕಿನ ಬಗ್ಗೆ ಮೊದಮೊದಲು ಗಟ್ಟಿಯಾಗಿ ಮಾತಾಡಿದವರಲ್ಲಿ ಅವರು ಒಬ್ಬರು. ಆಗ ಹಾಲ್ ಹೊರಗೆ ಫುಟ್‌ಪಾತಿನಲ್ಲಿ ಯಾರ್ಯಾರೋ ಗಾಯಕರ ಫೋಟೊ, ಪೋಸ್ಟರ್ ಮಾರುತ್ತಿದ್ದರು. ಒಂದು ಯೆನ್ ಕೂಡ ಗಾಯಕನಿಗೆ ಹೋಗುತ್ತಿರಲಿಲ್ಲ. ಅದನ್ನು ನೋಡಿ ಸುಮ್ಮನಿರುವ ಜಾಯಮಾನ ಅವರದಲ್ಲ. ತಮ್ಮ ಹೆಸರಿನ ಗುರುತು ಹಾಕಿದ ಟವೆಲ್ಲು, ಟೀ ಶರ್ಟುಗಳನ್ನು ತಾವೇ ಮಾಡಿಸಿ ಮಾರಿದರು. ಇವತ್ತು ಯಾವ ದೇಶದ ಕಾನ್ಸರ್ಟಿಗೆ ಹೋದರೂ ಇಂಥ ಅಂಗಡಿ ಇರುತ್ತದೆ. ಆಗ ಅದು ಮಾಮೂಲಿ ಸಂಗತಿ ಆಗಿರಲಿಲ್ಲ.

1978 ಅವರ ಪಾಲಿಗೆ ಹಬ್ಬದ ವರ್ಷ. ಗಾಯಕರ ಪೈಕಿ ಅತಿ ಹೆಚ್ಚು ಆದಾಯ ತೆರಿಗೆ ಕಟ್ಟಿದವರ ಪಟ್ಟಿಯಲ್ಲಿ ಅವರದೇ ಮೊದಲ ಹೆಸರು. ಆಗಸ್ಟ್‌ನಲ್ಲಿ ಕೊರಾಕುಯೆನ್ ಬೇಸ್‌ಬಾಲ್ ಸ್ಟೇಡಿಯಂನಲ್ಲಿ ಸುಮಾರು 40,000 ಜನರೆದುರು ಹಾಡಿದರು. ಅದೇ ವರ್ಷ ಅವರ ಆತ್ಮಕಥೆ ‘ನರಿಅಗರಿ’ ಬಂತು. ಅವರು ಹೇಳಿದ್ದನ್ನು ಶಿಗೆಸಾತೊ ಇತೊಯ್ ಬರೆದುಕೊಂಡು ಪುಸ್ತಕ ಮಾಡಿದರು. ನರಿಅಗರಿ ಅನ್ನುವುದು ಬೈಗುಳದ ಹಾಗೆ ಬಳಸುವ ಮಾತು. ಕೆಳಗಿಂದ ಬಂದು ದಿಢೀರ್ ದುಡ್ಡು ಕಂಡವನು ಎಂದು ಮೂಗು ಮುರಿಯುವಾಗ ಅನ್ನುವುದು. ಆ ಮಾತನ್ನೇ ಎತ್ತಿ ಪುಸ್ತಕದ ಮುಖಪುಟಕ್ಕೆ ಹಾಕಿಕೊಂಡರು. ಓದು ತಲೆಗೆ ಹತ್ತದ, ಕಾರ್ಖಾನೆ ಗ್ಯಾರೇಜುಗಳಲ್ಲಿ ದುಡಿಯುವ ಲಕ್ಷಾಂತರ ಹುಡುಗರು ಅದನ್ನು ಓದಿದರು. ಅವರಿಗೆ ಇವರು ‘ಎಯ್ ಚಾನ್’. ಮನೆಯ ಹುಡುಗನನ್ನು ಕರೆದಂತೆ ಕರೆಯುವ ಹೆಸರು. ಇಂದಿಗೂ ಕಾನ್ಸರ್ಟಿನಲ್ಲಿ ಎಪ್ಪತ್ತು ದಾಟಿದ ಮನುಷ್ಯನನ್ನು ಅದೇ ಹೆಸರಿನಿಂದ ಕೂಗುತ್ತಾರೆ.

ಆ ಅಭಿಮಾನಿಗಳದ್ದೂ ಒಂದು ತೊಂದರೆ ಇತ್ತು. ಕುಡಿದು ಬರುತ್ತಿದ್ದರು, ಜಗಳ ಆಡುತ್ತಿದ್ದರು. ಕೆಲವು ಊರಿನ ಹಾಲ್‌ಗಳು ಯಜಾವ ಅವರ ಶೋ ಎಂದರೆ ಬಾಗಿಲು ಹಾಕುತ್ತಿದ್ದವು. ಮುಂದೆ ಅವರು ತಮ್ಮ ಶೋಗಳಿಗೆ ಕುಡಿದು ಬಂದವರನ್ನು, ಬೈಕ್ ಗ್ಯಾಂಗಿನ ಉದ್ದ ಕೋಟು ತೊಟ್ಟವರನ್ನು ಒಳಗೆ ಬಿಡುವುದನ್ನೇ ನಿಲ್ಲಿಸಿದರು. ಮೊದಲಿಂದ ಬೆನ್ನಿಗೆ ನಿಂತವರಿಗೇ ಬಾಗಿಲಲ್ಲಿ ಹಾಗೆ ಹೇಳುವುದು ಸುಲಭವಾಗಿರಲಾರದು. ಹೆಂಗಸರು, ಮಕ್ಕಳು ಧೈರ್ಯವಾಗಿ ಬರುವಂತಾಗಿದ್ದು ಅದರಿಂದಲೇ.

1980ರಲ್ಲಿ ಕಂಪನಿ ಬದಲಿಸಿ ವಾರ್ನರ್ ಸೇರಿದರು. ಆ ವರ್ಷದ ಆಲ್ಬಮ್ಮಿನ ಹೆಸರು ‘ಕವಚ್’. ನೋಡಿದ ತಕ್ಷಣ ನಮ್ಮ ಕವಚವೇ ಕಣ್ಣಿಗೆ ಬರುತ್ತದೆ. ಮನಸ್ಸು ಇದ್ದಿದ್ದು ಅಮೆರಿಕದ ಮೇಲೆ. ಲಾಸ್ ಏಂಜಲೀಸ್‌ನಲ್ಲಿ ಡೂಬಿ ಬ್ರದರ್ಸ್, ಲಿಟಲ್ ಫೀಟ್ ಬ್ಯಾಂಡಿನ ವಾದ್ಯಗಾರರ ಜೊತೆ ಆಲ್ಬಂ ಮಾಡಿದರು. 1981ರ ‘ಯಜಾವ’ ಅಮೆರಿಕದಲ್ಲಿ ಬಿಡುಗಡೆಯಾಯಿತು, 1987ರಲ್ಲಿ ‘ಫ್ಲ್ಯಾಶ್ ಇನ್ ಜಪಾನ್’ ಕೂಡ. ಎರಡೂ ಅಲ್ಲಿ ಓಡಲಿಲ್ಲ. ಆದರೆ ಅಲ್ಲಿ ಕಲಿತ ಧ್ವನಿಮುದ್ರಣ, ಅಲ್ಲಿ ಸಿಕ್ಕ ವಾದ್ಯಗಾರರು ಟೋಕಿಯೊದ ಶೋಗಳಿಗೆ ಬಂದರು. ಡೂಬಿ ಬ್ರದರ್ಸ್‌ನ ಜಾನ್ ಮ್ಯಾಕ್‌ಫೀ ಜಪಾನಿನ ವೇದಿಕೆಯಲ್ಲಿ ಯಜಾವ ಹಿಂದೆ ಗಿಟಾರ್ ನುಡಿಸಿದರು. 1997ರ ಆಗಸ್ಟ್‌ನಲ್ಲಿ ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ ರಾಡ್ ಸ್ಟೂವರ್ಟ್, ಜಾನ್ ಬಾನ್ ಜೋವಿ ಮುಂತಾದವರ ಸಾಲಿನಲ್ಲಿ ನಿಂತು ಹಾಡಿದರು.

ಮರುವರ್ಷವೇ ದೊಡ್ಡ ಪೆಟ್ಟು. ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ ಸ್ಟುಡಿಯೊ, ಸಂಗೀತ ಶಾಲೆ ಇರುವ ಕಟ್ಟಡ ಕಟ್ಟಬೇಕೆಂದು ಅವರು ಆಸ್ತಿ ಮಾಡಿದ್ದರು. ನೋಡಿಕೊಳ್ಳಲು ಬಿಟ್ಟಿದ್ದು ನಂಬಿದ ಜನರನ್ನು. ಅವರೇ ಮೋಸ ಮಾಡಿದ್ದು 1998ರಲ್ಲಿ ಬಯಲಾಯಿತು. ಹೋಗಿದ್ದು ಸುಮಾರು 350 ಕೋಟಿ ಯೆನ್. ಅಷ್ಟೂ ಸಾಲವಾಗಿ ಅವರ ತಲೆ ಮೇಲೆ ಬಂತು. ಹಾಡಿನ ಒಂದೊಂದು ಹಕ್ಕನ್ನೂ ಕೈಬಿಡದೆ ಕಾದ ಮನುಷ್ಯನ ಕಣ್ಣು ತಪ್ಪಿದ್ದು ಕಡಲಾಚೆಯ ಕಟ್ಟಡದಲ್ಲಿ. ಇದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು.

ಆಗ ಅವರಿಗೆ ಐವತ್ತರ ಹತ್ತಿರ. ದಿವಾಳಿ ಎಂದು ಕೈ ಎತ್ತಬಹುದಿತ್ತು, ಎತ್ತಲಿಲ್ಲ. ಸಾಲ ತೀರಿಸಿದ್ದು ಹಾಡಿ. ಈ ಹಿಂದೆ ಹೇಳಿದ ಹಕ್ಕಿನ ಲೆಕ್ಕ ಇಲ್ಲಿ ಕೆಲಸಕ್ಕೆ ಬಂತು. ಬೇರೆಯವರ ಸಂಬಳಕ್ಕೆ ಹಾಡುವ ಗಾಯಕ ಎಷ್ಟು ಶೋ ಮಾಡಿದರೂ ಇಂಥ ಸಾಲ ತೀರುವುದಿಲ್ಲ. ಟ್ಯೂನ್, ಟಿಕೆಟ್, ಟವೆಲ್ಲು ಮೂರೂ ತನ್ನದೇ ಆಗಿದ್ದರೆ ಊರಿಂದ ಊರಿಗೆ ಹೋದಷ್ಟೂ ಸಾಲ ಕರಗುತ್ತದೆ. ಕೆಲವೇ ವರ್ಷಗಳಲ್ಲಿ ಪೂರ್ತಿ ತೀರಿಸಿದರು.

ಆಮೇಲಿನದು ಬೇಗ ಹೇಳಬಹುದು. 2007ರ ಡಿಸೆಂಬರ್‌ನಲ್ಲಿ ಬುಡೊಕಾನ್‌ನಲ್ಲಿ ನೂರನೇ ಶೋ. 2009ರಲ್ಲಿ ದೊಡ್ಡ ಕಂಪನಿಗಳನ್ನು ಬಿಟ್ಟು ಗರುರು ರೆಕಾರ್ಡ್ಸ್ ಎಂಬ ಸ್ವಂತ ಲೇಬಲ್. ಅಲ್ಲಿಗೆ ಮೂಲ ತಟ್ಟೆಯ ಹಕ್ಕೂ ಮನೆಗೇ ಬಂತು. ಅದೇ ಸೆಪ್ಟೆಂಬರ್‌ನಲ್ಲಿ ಅರವತ್ತು ತುಂಬಿದ್ದಕ್ಕೆ ಟೋಕಿಯೊ ಡೋಮ್‌ನಲ್ಲಿ ಕಾನ್ಸರ್ಟ್. ಆ ವರ್ಷದ ಕೊನೆಯ ರಾತ್ರಿ, ಇಡೀ ಜಪಾನ್ ಮನೆಮಂದಿಯೆಲ್ಲ ಕೂತು ನೋಡುವ ಎನ್‌ಎಚ್‌ಕೆ ಟೀವಿಯ ‘ಕೋಹಾಕು’ ಹಾಡಿನ ಕಾರ್ಯಕ್ರಮದಲ್ಲಿ ಮೊದಲ ಬಾರಿ ಕಾಣಿಸಿಕೊಂಡರು. ಮುಂಚೆ ಸುಳಿವೇ ಕೊಟ್ಟಿರಲಿಲ್ಲ. ಹಾಡಿದ್ದರಲ್ಲಿ ‘ತೊಕಿ ಯೊ ತೊಮರೆ’ಯೂ ಇತ್ತು. 2019ರ ಸೆಪ್ಟೆಂಬರ್‌ನಲ್ಲಿ, ಎಪ್ಪತ್ತು ತುಂಬಲು ಹತ್ತು ದಿನ ಇರುವಾಗ ಬಂದ ಆಲ್ಬಂ ಪಟ್ಟಿಯ ಮೊದಲ ಸ್ಥಾನಕ್ಕೆ ಹೋಯಿತು.

ಅವರ ಶೋಗಳ ವೀಡಿಯೊ ನೋಡುವವರು ಎರಡು ಸಂಗತಿ ಗಮನಿಸಿ. ಒಂದು ಮೈಕ್ ಸ್ಟ್ಯಾಂಡ್. ಬಿಳಿ ಟೇಪ್ ಸುತ್ತಿರುತ್ತದೆ. ಬಿಳಿ ಸೂಟು, ಬಿಳಿ ಸ್ಟ್ಯಾಂಡ್. ಹಾಡಿನ ನಡುವೆ ಸ್ಟ್ಯಾಂಡಿನ ಬುಡವನ್ನು ಕಾಲಿನಿಂದ ಒದ್ದು ಮೇಲಕ್ಕೆ ಚಿಮ್ಮಿಸುತ್ತಾರೆ. ಅದು ಗಾಳಿಯಲ್ಲಿ ಸುತ್ತಿ ಕೈಗೆ ಬರುವ ಹೊತ್ತಿಗೆ ಮುಂದಿನ ಸಾಲು ಶುರುವಾಗಿರಬೇಕು. ಅರ್ಧ ಏಟು ತಪ್ಪಿದರೂ ಕೆಡುತ್ತದೆ. ತಪ್ಪುವುದಿಲ್ಲ.

ಇನ್ನೊಂದು ಟವೆಲ್ಲು. ಸಣ್ಣದಲ್ಲ, ಸ್ನಾನಕ್ಕೆ ಒಯ್ಯುವಷ್ಟು ದೊಡ್ಡದು. ಎಲ್ಲರ ಹೆಗಲ ಮೇಲೂ ಒಂದಿರುತ್ತದೆ. 1986ರ ‘ತೊಮರನಾಯ್ ಹಾ ಹಾ’ ಹಾಡು ಬಂದಾಗ ಜನ ಅದನ್ನು ಕೈಗೆ ತೆಗೆದುಕೊಳ್ಳುತ್ತಾರೆ. ಪಲ್ಲವಿಯ ಆ ಒಂದು ಏಟಿಗೆ ಸಾವಿರಾರು ಟವೆಲ್ಲು ಒಟ್ಟಿಗೆ ಮೇಲೆ ಹಾರುತ್ತವೆ, ಬಿಚ್ಚಿಕೊಳ್ಳುತ್ತವೆ, ಇಳಿಯುತ್ತವೆ. ಅವರವರ ಟವೆಲ್ಲನ್ನು ಅವರವರೇ ಹಿಡಿಯುತ್ತಾರೆ. ಮತ್ತೆ ಎಸೆಯುತ್ತಾರೆ. ಬುಡೊಕಾನ್‌ನ ಮೇಲಿನ ಸಾಲಿನಿಂದ ತೆಗೆದ ದೃಶ್ಯದಲ್ಲಿ ಕೆಳಗೆ ಮನುಷ್ಯರೇ ಕಾಣುವುದಿಲ್ಲ, ಬಣ್ಣದ ಬಟ್ಟೆ ಮಾತ್ರ. ಕೆಲವರ ಪಕ್ಕದಲ್ಲಿ ಮಗ, ಮೊಮ್ಮಗಳು ನಿಂತಿರುತ್ತಾರೆ. ಅವರ ಹೆಗಲ ಮೇಲೂ ಒಂದು.

ಬಿಳಿ ಸೂಟಿನ ಮನುಷ್ಯ ಈಗಲೂ ಕೆಲವು ಶೋಗಳಲ್ಲಿ ‘ಐ ಲವ್ ಯೂ, ಓಕೆ’ ಹಾಡುತ್ತಾರೆ. ಹಿರೋಶಿಮಾದ ಹುಡುಗ ಕಟ್ಟಿದ, ಲೆದರ್ ಜಾಕೆಟ್ಟಿನವರು ಬೇಡ ಅಂದ ಅದೇ ನಿಧಾನದ ಹಾಡು. ಅದು ಶುರುವಾದಾಗ ಟವೆಲ್ಲುಗಳು ಹೆಗಲಿಗೆ ವಾಪಸ್ ಹೋಗುತ್ತವೆ.